ತರಗತಿಯಿಂದ ಹೊರಗೆ ಕಳಿಸುವುದು ಶಿಕ್ಷೆಯೇ? ವರ್ತನಾವಾದದ ಮೊದಲ ಪಾಠಗಳು

ಬಿ.ಇಡಿ. ಮೊದಲ ಸೆಮಿಸ್ಟರ್‌ನಲ್ಲಿ ಶಾಸ್ತ್ರೀಯ ಅನುಬಂಧನ, ಕ್ರಿಯಾಜನ್ಯ ಅನುಬಂಧನ, ಋಣಾತ್ಮಕ ಪುನರ್ಬಲನ ಎಲ್ಲವನ್ನೂ ಬಾಯಿಪಾಠ ಮಾಡಿ ಬರೆದು, ಅಂಕವನ್ನೂ ತೆಗೆದೆ. ಅರ್ಥವಾದದ್ದು ಮಾತ್ರ ಬೋಧನಾಭ್ಯಾಸಕ್ಕೆ ಹೋದಾಗ, ಎಂಟನೇ ತರಗತಿಯ ಹುಡುಗನೊಬ್ಬನಿಂದ ಪಾಠ ಕಲಿತ ಮೇಲೆ. ಆ ಕಥೆ ಮುಂದಿದೆ. ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುತ್ತಿರುವವರಿಗೂ ಉಪಯೋಗವಾಗಲಿ ಎಂದು ಪಠ್ಯಪುಸ್ತಕದ ಪದಗಳನ್ನೇ ಇಟ್ಟುಕೊಂಡಿದ್ದೇನೆ.

ಮೊದಲು ವರ್ತನಾವಾದಿಗಳ ಹಟ ಏನೆಂದು ತಿಳಿದುಕೊಳ್ಳೋಣ. 1913ರಲ್ಲಿ ಅಮೆರಿಕದ ಜಾನ್ ಬಿ. ವಾಟ್ಸನ್ ಒಂದು ಲೇಖನ ಬರೆದು, ಮನಸ್ಸಿನೊಳಗೆ ಇಣುಕುವ ಕೆಲಸ ಬಿಡಿ, ಕಣ್ಣಿಗೆ ಕಾಣುವ ವರ್ತನೆಯನ್ನು ಮಾತ್ರ ಅಧ್ಯಯನ ಮಾಡಿ ಎಂದ. ಹೊರಗಿನಿಂದ ಬರುವುದು ಪ್ರಚೋದನೆ, ಅದಕ್ಕೆ ಜೀವಿ ಮಾಡುವುದು ಪ್ರತಿಕ್ರಿಯೆ. ಅನುಭವದಿಂದಾಗಿ ವರ್ತನೆಯಲ್ಲಿ ನಿಲ್ಲುವಂಥ ಬದಲಾವಣೆ ಬಂದರೆ ಅದೇ ಕಲಿಕೆ. 'ಹುಡುಗನಿಗೆ ಭಾಗಾಕಾರ ಅರ್ಥವಾಗಿದೆ' ಎನ್ನುವುದನ್ನು ವಾಟ್ಸನ್ ಒಪ್ಪುವುದಿಲ್ಲ. 'ಹತ್ತು ಲೆಕ್ಕದಲ್ಲಿ ಎಂಟು ಸರಿ ಮಾಡಿದ' ಎಂದರೆ ಒಪ್ಪುತ್ತಾನೆ. ಪಾಠಯೋಜನೆಯಲ್ಲಿ 'ವಿದ್ಯಾರ್ಥಿಯು ಪಟ್ಟಿ ಮಾಡುವನು, ಗುರುತಿಸುವನು' ಎಂದು ನಾವು ಬರೆದು ಬರೆದು ಕೈ ನೋಯಿಸಿಕೊಳ್ಳುವುದರ ಹಿಂದೆ ಇರುವುದೂ ಇದೇ ಹಟ.

ವಾಟ್ಸನ್ ಆಧಾರವಾಗಿ ಹಿಡಿದದ್ದು ರಷ್ಯಾದ ಇವಾನ್ ಪಾವ್ಲೋವ್‌ನನ್ನು. ಪಾವ್ಲೋವ್ ಮನೋವಿಜ್ಞಾನಿಯಲ್ಲ, ಶರೀರಕ್ರಿಯಾ ವಿಜ್ಞಾನಿ. 1904ರ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ಅನುಬಂಧನಕ್ಕಲ್ಲ (ಬಹುಆಯ್ಕೆ ಪ್ರಶ್ನೆಯಲ್ಲಿ ಜಾರಿಬೀಳುವ ಜಾಗ ಇದು). ನಾಯಿಗಳ ಜೊಲ್ಲು ಅಳೆಯುತ್ತಿದ್ದವನಿಗೆ ಒಂದು ತೊಡಕು ಕಾಣಿಸಿತು. ಆಹಾರ ಬಾಯಿಗೆ ಬೀಳುವ ಮೊದಲೇ, ಊಟ ತರುವವನನ್ನು ಕಂಡರೂ ಸಾಕು, ಜೊಲ್ಲು ಸುರಿಯುತ್ತಿತ್ತು. ಆ ತೊಡಕೇ ಅವನ ಮುಂದಿನ ಸಂಶೋಧನೆಯಾಯಿತು. ತಾನಾಗಿ ಆಗುವ ಪ್ರತಿಕ್ರಿಯೆ ಹೀಗೆ ಹೊಸ ಪ್ರಚೋದನೆಗೆ ಅಂಟಿಕೊಳ್ಳುವುದೇ ಶಾಸ್ತ್ರೀಯ ಅನುಬಂಧನ. ಆಹಾರಕ್ಕೆ ಮುಂಚೆ ಗಂಟೆ ಬಾರಿಸಿದ ಎಂದಷ್ಟೇ ಪುಸ್ತಕಗಳೆಲ್ಲ ಹೇಳುತ್ತವೆ, ಆದರೆ ಅವನ ಪ್ರಯೋಗಶಾಲೆಯಲ್ಲಿ ಮೆಟ್ರೋನೋಮ್ (ಟಕ್ ಟಕ್ ಎಂದು ತಾಳ ಹಾಕುವ ಯಂತ್ರ), ಬಜರ್, ಬೆಳಕು ಎಲ್ಲವೂ ಇದ್ದವು.

ಇದನ್ನು ಹಸುವಿನ ಮೇಲೆ ಇಟ್ಟು ನೋಡಿದರೆ ಪದಗಳು ತಾವಾಗಿಯೇ ಕೂರುತ್ತವೆ. ಕರು ಕೆಚ್ಚಲಿಗೆ ಬಾಯಿ ಹಾಕಿದರೆ ತಾಯಿ ಹಾಲು ಇಳಿಸುತ್ತದೆ. ಇದನ್ನು ಯಾರೂ ಕಲಿಸಿಲ್ಲ. ಕರುವಿನ ಬಾಯಿ ಅನನುಬಂಧಿತ ಪ್ರಚೋದನೆ, ಹಾಲು ಇಳಿಯುವುದು ಅನನುಬಂಧಿತ ಪ್ರತಿಕ್ರಿಯೆ. ದಿನಾ ಬೆಳಗ್ಗೆ ಮೊದಲು ಕೊಟ್ಟಿಗೆಯಲ್ಲಿ ಪಾತ್ರೆಯ ಸದ್ದು, ಆಮೇಲೆ ಕರು. ಕೆಲವು ವಾರ ಕಳೆದರೆ ಪಾತ್ರೆ ಸದ್ದಾದರೇ ಹಾಲು ಇಳಿಯುತ್ತದೆ. ಈಗ ಪಾತ್ರೆಯ ಸದ್ದು ಅನುಬಂಧಿತ ಪ್ರಚೋದನೆ, ಆ ಸದ್ದಿಗೆ ಹಾಲು ಇಳಿಯುವುದು ಅನುಬಂಧಿತ ಪ್ರತಿಕ್ರಿಯೆ. ಹಾಲು ಮೊದಲೂ ಹಾಲೇ, ಆಮೇಲೂ ಹಾಲೇ. ಹೆಸರು ಬದಲಾದದ್ದು ಅದನ್ನು ಇಳಿಸಿದ್ದು ಯಾವುದು ಎಂಬುದರಿಂದ. ಬೇರೆ ಪಾತ್ರೆಯ ಸದ್ದಿಗೂ ಹಾಲು ಇಳಿದರೆ ಸಾಮಾನ್ಯೀಕರಣ, ತನ್ನ ಪಾತ್ರೆಗೆ ಮಾತ್ರ ಇಳಿದರೆ ವಿಭೇದೀಕರಣ. ಸದ್ದು ಮಾಡಿ ಮಾಡಿ ಕರುವನ್ನು ಬಿಡದೇ ಹೋದರೆ ಕ್ರಮೇಣ ಸಂಬಂಧ ಸಡಿಲವಾಗುತ್ತದೆ, ಅದು ವಿಲೋಪನ. ಪಾತ್ರೆಯ ಸದ್ದು ಕರುವಿಗಿಂತ ಮುಂಚೆ ಬರಬೇಕು ಎಂಬುದನ್ನು ಮರೆಯಬೇಡಿ. ಆಮೇಲೆ ಬಂದ ಸದ್ದು ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ.

1920ರಲ್ಲಿ ವಾಟ್ಸನ್ ಮತ್ತು ರೋಸಲಿ ರೇನರ್ ಇದನ್ನೇ 'ಆಲ್ಬರ್ಟ್' ಎಂಬ ಸುಮಾರು ಹನ್ನೊಂದು ತಿಂಗಳ ಕೂಸಿನ ಮೇಲೆ ಮಾಡಿದರು. ಬಿಳಿ ಇಲಿ ತೋರಿಸಿ, ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಮಗು ಇಲಿಗೆ ಹೆದರಿತು, ಆಮೇಲೆ ಮೊಲಕ್ಕೂ ತುಪ್ಪಳದ ಕೋಟಿಗೂ ಹೆದರಿತು. ಆ ಭಯ ಬಿಡಿಸದೆಯೇ ಮಗುವನ್ನು ಕಳಿಸಿಬಿಟ್ಟರು. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಉಲ್ಟಾ ದಾರಿ ಹಿಡಿದರು: ಮೊಲಕ್ಕೆ ಹೆದರುತ್ತಿದ್ದ ಪೀಟರ್ ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದಿನದಿನವೂ ಸ್ವಲ್ಪ ಹತ್ತಿರ ತಂದು, ಭಯ ಕಳೆದರು. ನಮ್ಮ ಟಿಪ್ಪಣಿಗಳಲ್ಲಿ ಆಲ್ಬರ್ಟ್‌ಗೆ ಒಂದು ಪುಟವಿದ್ದರೆ ಪೀಟರ್‌ಗೆ ಒಂದು ಸಾಲೂ ಇರುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ತಾನಾಗಿ ಆಗುವ ಪ್ರತಿಕ್ರಿಯೆಗಳ ಮಾತು. ಬೇಕೆಂದು ಮಾಡುವ ಕೆಲಸಗಳ ಕಥೆ ಬೇರೆ, ಅದು ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್‌ನಿಂದ ಶುರು. 1898ರಲ್ಲಿ ಅವನು ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿ ಹೊರಗೆ ಆಹಾರ ಇಟ್ಟ. ಬೆಕ್ಕು ಪರಚಿ, ಕಚ್ಚಿ, ಹೇಗೋ ಅಗುಳಿ ತೆಗೆಯಿತು. ಮತ್ತೆ ಮತ್ತೆ ಕೂಡಿದಂತೆ ಹೊರಬರುವ ಸಮಯ ನಿಧಾನವಾಗಿ ಇಳಿಯಿತು. ಈ 'ನಿಧಾನವಾಗಿ'ಯೇ ಮುಖ್ಯ. ತಟ್ಟನೆ ಹೊಳೆದಿದ್ದರೆ ಒಂದೇ ಸಲಕ್ಕೆ ಇಳಿಯಬೇಕಿತ್ತು. ಹಾಗಾಗಿ ಇದು ಪ್ರಯತ್ನ-ಪ್ರಮಾದ ಕಲಿಕೆ. ಹಿತವಾದ ಫಲ ಕೊಟ್ಟ ಕ್ರಿಯೆ ಬೇರೂರುತ್ತದೆ ಎಂಬ ಪರಿಣಾಮ ನಿಯಮ ಇಲ್ಲಿಂದ ಬಂತು. ಸಿದ್ಧತಾ ನಿಯಮ (ಕಲಿಯಲು ಸಿದ್ಧನಿದ್ದಾಗ ಕಲಿಕೆ ಹಿತ), ಅಭ್ಯಾಸ ನಿಯಮ (ಮಾಡಿದಷ್ಟೂ ಗಟ್ಟಿ) ಇವನ್ನೂ ಪರೀಕ್ಷೆಗೆ ನೆನಪಿಡಿ.

ಇದನ್ನು ಬಹುದೂರ ಒಯ್ದವನು ಅಮೆರಿಕದವನೇ ಆದ ಬಿ.ಎಫ್. ಸ್ಕಿನ್ನರ್. ಫಲದಿಂದ ವರ್ತನೆ ಹೀಗೆ ಬದಲಾಗುವುದೇ ಕ್ರಿಯಾಜನ್ಯ ಅನುಬಂಧನ. ವರ್ತನೆಯನ್ನು ಹೆಚ್ಚಿಸುವ ಯಾವುದೇ ಪರಿಣಾಮಕ್ಕೆ ಅವನು ಬಳಸಿದ ಹೆಸರು ಪುನರ್ಬಲನ. ನಾವು ಕೆಡುವುದು ಇಲ್ಲೇ. 'ಋಣಾತ್ಮಕ' ಎಂದೊಡನೆ ಕೆಟ್ಟದ್ದು, ಬೈಗುಳ, ಬೆತ್ತ ಎಂದುಕೊಳ್ಳುತ್ತೇವೆ. ಇದು ಗಣಿತದ ಋಣ: ಕಳೆಯುವುದು, ಅಷ್ಟೇ. ಸೊಳ್ಳೆಬತ್ತಿ ಹಚ್ಚಿದಿರಿ, ಸೊಳ್ಳೆ ಕಾಟ ಹೋಯಿತು, ನಾಳೆಯೂ ಹಚ್ಚುತ್ತೀರಿ. ಕಿರಿಕಿರಿ ಕಳೆಯಿತು, ವರ್ತನೆ ಹೆಚ್ಚಿತು. ಇದು ಋಣಾತ್ಮಕ ಪುನರ್ಬಲನ. ಶಿಕ್ಷೆಯಲ್ಲಾದರೆ ವರ್ತನೆ ಕಡಿಮೆಯಾಗಬೇಕು. ಆದ್ದರಿಂದ ಎರಡು ಪ್ರಶ್ನೆ ಕೇಳಿಕೊಳ್ಳಿ: ಏನಾದರೂ ಸೇರಿತೋ ಕಳೆಯಿತೋ? ವರ್ತನೆ ಏರಿತೋ ಇಳಿಯಿತೋ? ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಶಿಕ್ಷಕರ ಉದ್ದೇಶವಲ್ಲ, ಮಗುವಿನ ಮುಂದಿನ ವರ್ತನೆ.

ಈಗ ಮೊದಲು ಹೇಳಿದ ಎಂಟನೇ ತರಗತಿಯ ಹುಡುಗ. ನಾನು ಗಣಿತ ತೆಗೆದುಕೊಳ್ಳುತ್ತಿದ್ದ ತರಗತಿಯ ಕೊನೇ ಬೆಂಚಿನಲ್ಲಿ ಕೂತು ಸ್ಕೇಲಿನಿಂದ ಟಕಟಕ ಬಡಿಯುತ್ತಿದ್ದ. ಮೊದಲ ದಿನವೇ 'ಎದ್ದು ಆಚೆ ನಡಿ' ಎಂದೆ. ನಡೆದ. ತರಗತಿ ಶಾಂತವಾಯಿತು. ಮರುದಿನ ಮತ್ತೆ ಟಕಟಕ, ಮತ್ತೆ ಆಚೆ. ಎರಡನೇ ವಾರ ನಾನು ಬೋರ್ಡಿನಿಂದ ತಿರುಗಿ ನೋಡಿದರೆ ಅವನು ನೀರಿನ ಬಾಟಲಿಯನ್ನು ಬಗಲಲ್ಲಿಟ್ಟುಕೊಂಡೇ ಸ್ಕೇಲು ಬಡಿಯುತ್ತಿದ್ದ, ನಾನು ಬಾಯಿ ತೆರೆಯುವ ಮೊದಲೇ ಅರ್ಧ ಎದ್ದಿದ್ದ. ಬೀಜಗಣಿತದ ಕಾಟದಿಂದ ಬಿಡುಗಡೆ ಕೊಟ್ಟು ನಾನೇ ಅವನ ಗಲಾಟೆಗೆ ನೀರೆರೆದಿದ್ದೆ. ಇನ್ನೂ ನಗು ಬರುವುದು ಮುಂದಿನದಕ್ಕೆ: ಅವನು ಆಚೆ ಹೋದೊಡನೆ ಸದ್ದು ನಿಲ್ಲುತ್ತಿತ್ತಲ್ಲ, ಅದರಿಂದ 'ಆಚೆ ನಡಿ' ಎನ್ನುವ ನನ್ನ ವರ್ತನೆಯೂ ಬಲಗೊಂಡಿತ್ತು. ಅವನು ನನಗೆ ಕಲಿಸುತ್ತಿದ್ದ, ನಾನು ಅವನಿಗೆ. ಆಮೇಲೆ ಅವನನ್ನು ಮುಂದಿನ ಬೆಂಚಿಗೆ ಕರೆತಂದು, ಅವನಿಗೆ ಬರುವಂಥ ಲೆಕ್ಕದಿಂದ ಶುರುಮಾಡಿ, ಒಂದೊಂದು ಹಂತ ಸರಿಯಾದಾಗಲೂ ಅಲ್ಲೇ ಟಿಕ್ ಹಾಕತೊಡಗಿದೆ. ಪೂರ್ತಿ ಗೆದ್ದೆ ಎನ್ನಲಾರೆ, ಸ್ಕೇಲಿನ ಸದ್ದು ಕಡಿಮೆಯಾಯಿತು.

ಸಣ್ಣ ಹಂತ, ತಕ್ಷಣ ಫಲ: ಇದು ಸ್ಕಿನ್ನರನದೇ ಸೂತ್ರ. 1953ರಲ್ಲಿ ಮಗಳ ಶಾಲೆಯ ಗಣಿತ ತರಗತಿಯಲ್ಲಿ ಕೂತಿದ್ದಾಗ, ಉತ್ತರ ಸರಿಯೋ ತಪ್ಪೋ ಮಕ್ಕಳಿಗೆ ಆಗಿಂದಾಗಲೇ ತಿಳಿಯುತ್ತಿಲ್ಲ ಎಂಬುದನ್ನು ಕಂಡು ಅವನು ಬೋಧನಾ ಯಂತ್ರ ಮಾಡಲು ಹೊರಟ.

ಪುನರ್ಬಲನ ಪ್ರತಿಸಲವೂ ಸಿಗಬೇಕಿಲ್ಲ. ಎಷ್ಟು ಸಲ ಮಾಡಿದರೆ ಸಿಗುತ್ತದೆ ಎಂಬ ಲೆಕ್ಕ ಅನುಪಾತ, ಎಷ್ಟು ಹೊತ್ತಿನ ಮೇಲೆ ಸಿಗುತ್ತದೆ ಎಂಬ ಲೆಕ್ಕ ಅಂತರ. ಸಾವಿರ ಬೀಡಿಗೆ ಇಷ್ಟು ಕೂಲಿ ಎಂದರೆ ಸ್ಥಿರ ಅನುಪಾತ. ಜಾತ್ರೆಯ ಅಂದರ್-ಬಾಹರ್ ಚರ ಅನುಪಾತ. ಯಾವ ಆಟಕ್ಕೆ ಗೆಲುವೋ ಗೊತ್ತಿಲ್ಲದ್ದರಿಂದಲೇ ಏಳಲು ಮನಸ್ಸಾಗುವುದಿಲ್ಲ, ಈ ಬಗೆಯ ವರ್ತನೆ ಅಳಿಯುವುದೂ ಕಷ್ಟ. ಬಸ್ಸಿಗೆ ಕಾಯುತ್ತ ಆಗಾಗ ರಸ್ತೆಯತ್ತ ಕತ್ತು ಚಾಚುವುದು ಚರ ಅಂತರ. ಸ್ಥಿರ ಅಂತರಕ್ಕೆ ಎಲ್ಲರೂ ಪರೀಕ್ಷೆಯ ಹಿಂದಿನ ವಾರದ ಓದನ್ನು ಉದಾಹರಿಸುತ್ತಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ, ಉತ್ತರಪತ್ರಿಕೆಯಲ್ಲಿ ಮಾತ್ರ ಬರೆಯುತ್ತೇನೆ. ವರ್ತನೆಗೂ ಫಲಕ್ಕೂ ಸಂಬಂಧವೇ ಇಲ್ಲದಿದ್ದರೆ? 1948ರಲ್ಲಿ ಸ್ಕಿನ್ನರ್ ಪಾರಿವಾಳಗಳಿಗೆ, ಅವು ಏನೇ ಮಾಡಲಿ, ಗೊತ್ತಾದ ಅವಧಿಗೊಮ್ಮೆ ಕಾಳು ಕೊಟ್ಟ. ಒಂದು ಗಿರಗಿರ ಸುತ್ತತೊಡಗಿತು, ಇನ್ನೊಂದು ಮೂಲೆಗೆ ತಲೆ ಚಾಚತೊಡಗಿತು, ತಮ್ಮಿಂದಲೇ ಕಾಳು ಬಂತೆಂಬಂತೆ. 'ನಾನು ಕುರ್ಚಿಯಿಂದ ಎದ್ದರೆ ವಿಕೆಟ್ ಬೀಳುತ್ತೆ' ಎಂದು ಕೂತಲ್ಲೇ ಕೂರುವ ನಮ್ಮ ಚಿಕ್ಕಪ್ಪನ ನೆನಪಾಗುತ್ತದೆ.

ಇನ್ನು ಟೀಕೆ. 1930ರಲ್ಲಿ ಟೋಲ್ಮನ್ ಮತ್ತು ಹಾನ್‌ಜಿಕ್ ಎಂಬ ಸಂಶೋಧಕರು ಇಲಿಗಳನ್ನು ಸುತ್ತುಹಾದಿಯಲ್ಲಿ (ಮೇಜ್) ಬಿಟ್ಟರು. ಒಂದು ಗುಂಪಿಗೆ ಮೊದಲ ಹತ್ತು ದಿನ ಕೊನೆಯಲ್ಲಿ ಆಹಾರವೇ ಇರಲಿಲ್ಲ, ಅವು ಸುಮ್ಮನೆ ಅಲೆದವು, ತಪ್ಪುಗಳು ಅಷ್ಟಾಗಿ ಇಳಿಯಲಿಲ್ಲ. ಹನ್ನೊಂದನೇ ದಿನ ಆಹಾರ ಇಟ್ಟರು. ಹನ್ನೆರಡನೇ ದಿನ ಅವು, ಮೊದಲಿಂದ ತಿಂದುಕೊಂಡೇ ಕಲಿತ ಇಲಿಗಳ ಸರಿಸಮಕ್ಕೆ ಬಂದು ನಿಂತವು. ಯಾವ ಪುನರ್ಬಲನವೂ ಇಲ್ಲದ ಆ ಹತ್ತು ದಿನದಲ್ಲಿ ಅವು ದಾರಿ ಕಲಿತದ್ದು ಹೇಗೆ? 'ಸುಪ್ತ ಕಲಿಕೆ' ಎಂಬ ಮುಂದಿನ ಪಾಠ ಈ ಪ್ರಶ್ನೆಯಿಂದಲೇ ತೆರೆದುಕೊಳ್ಳುತ್ತದೆ.