ಮರಗಸಿ ಮತ್ತು 311 ನ್ಯಾನೋಮೀಟರ್ ಬೆಳಕು

ಮಳೆ ಹಿಡಿದು ಸಕಲೇಶಪುರದ ಕಡೆ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ನಮ್ಮ ಭಾವನವರ ಮೊಣಕೈಯ ಸೋರಿಯಾಸಿಸ್ ಕೆಂಪೇರಿ, ಬೆಳ್ಳನೆಯ ಹೊಟ್ಟು ಉದುರತೊಡಗುತ್ತದೆ. ನಾಗದೋಷವೆಂದು ಮೂರು ವರ್ಷ ಹರಕೆ ತೀರಿಸಿದ ಮೇಲೆ ಹಾಸನದ ಚರ್ಮವೈದ್ಯರು ಅವರಿಗೆ ಬರೆದುಕೊಟ್ಟದ್ದು ಬೆಳಕನ್ನು. "ಬಿಸಿಲಿಗೆ ನಿಂತರೆ ಆಯಿತಲ್ಲ, ಅದಕ್ಕೂ ದುಡ್ಡೇ?" ಎಂದರು ಭಾವ.

ಬಿಸಿಲಿಗೂ ಗುಣವಿದೆ, ಆದರೆ ಹೊತ್ತು, ಮೋಡ, ಋತುಗಳಿಗೆ ತಕ್ಕಂತೆ ಬದಲಾಗುವ ಅದನ್ನು ಅಳೆದು ಕೊಡಲಾಗದು. ಚಿಕಿತ್ಸೆಗೆ ಬಳಸುತ್ತಿದ್ದ ಹಳೆಯ ದೀಪಗಳ ತೊಂದರೆ ಬೇರೆ: ಅವು ಬೇಕಾದ, ಬೇಡವಾದ ನೇರಳಾತೀತ ಕಿರಣಗಳನ್ನೆಲ್ಲ ಒಟ್ಟಿಗೆ ಸುರಿಯುತ್ತಿದ್ದವು. 1981ರಲ್ಲಿ ಅಮೆರಿಕದ ಚರ್ಮವೈದ್ಯ ಜಾನ್ ಪ್ಯಾರಿಶ್ ಮತ್ತು ಅವರ ಸಹೋದ್ಯೋಗಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜವನ್ನು ಜರಡಿ ಹಿಡಿಯುವಂತೆ, ತರಂಗಾಂತರಗಳನ್ನು ಬೇರ್ಪಡಿಸಿ ಪರೀಕ್ಷಿಸಿದಾಗ, 290 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಮತ್ತು ಅದಕ್ಕೂ ಕಡಿಮೆಯವು ಚರ್ಮವನ್ನು ಸುಟ್ಟವೇ ಹೊರತು ರೋಗವನ್ನು ಇಳಿಸಲಿಲ್ಲ. 300ರಿಂದ 313ರ ಆಸುಪಾಸಿನವು ಇಳಿಸಿದವು. ನೇರಳಾತೀತ ಕಿರಣಗಳ ಒಂದು ಕಿರಿದಾದ ಪಟ್ಟಿಯನ್ನಷ್ಟೇ ಬೀರುವ ಇಂದಿನ ನ್ಯಾರೋಬ್ಯಾಂಡ್ ಯುವಿಬಿ ಟ್ಯೂಬ್ ಸೂಸುವುದು 311ರ ಸುತ್ತಲಿನ ಬೆಳಕನ್ನು.

ಸಾಮಾನ್ಯವಾಗಿ ಚರ್ಮದ ಕೋಶವೊಂದು ಕೆಳಪದರದಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಕೆಲವೇ ದಿನ. ಹಣ್ಣಾಗುವ ಮುನ್ನವೇ ಕೊಯ್ದು ಕಣಕ್ಕೆ ಸುರಿದಂತೆ, ಬಲಿಯದ ಕೋಶಗಳು ಚಕ್ಕೆಯಾಗಿ ಪೇರುತ್ತವೆ. ಹೀಗೆ ಅವಸರಪಡಿಸುವ ಮೇಸ್ತ್ರಿಗಳು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು. 311ರ ಬೆಳಕು ಅವುಗಳ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳನ್ನು ಬೆಸೆದುಬಿಡುತ್ತದೆ. ತಿದ್ದಲಾಗದಷ್ಟು ಬೆಸುಗೆ ಬಿದ್ದ ಟಿ ಕೋಶ ತಾನಾಗಿಯೇ ಸಾಯುತ್ತದೆ, ಚರ್ಮದ ಕೋಶಗಳ ವಿಭಜನೆಯೂ ನಿಧಾನವಾಗುತ್ತದೆ. ಮಿತಿ ಮೀರಿದರೆ ಅದೇ ಬೆಸುಗೆ ಚರ್ಮಕ್ಕೇ ಅಪಾಯ. ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಒಂದು ಕೊಂಬೆ ಹೆಚ್ಚು ಕಡಿದರೂ ಕಾಫಿಯ ಎಲೆ ಸುಡುವುದನ್ನು ಬಲ್ಲ ಭಾವನವರಿಗೆ ಈ ಮಾತು ಬೇಗ ಹಿಡಿಸಿತು.

ಮೊದಲ ದಿನ ಅವರು ಕಪ್ಪು ಕನ್ನಡಕ ತೊಟ್ಟು, ಬೀರುವಿನಂಥ ಪೆಟ್ಟಿಗೆಯೊಳಗೆ ಉದ್ದನೆಯ ಟ್ಯೂಬ್‌ಗಳ ನಡುವೆ ನಿಂತರು. ಒಂದು ನಿಮಿಷ ತುಂಬುವುದರೊಳಗೆ ಬೆಳಕು ಆರಿತು. ವಾರಕ್ಕೆ ಮೂರು ಸಲ ಬಸ್ ಹತ್ತಿ ಬಂದು, ಪ್ರತಿಸಲವೂ ಕೆಲವು ಸೆಕೆಂಡು ಏರಿಸಿಕೊಂಡು, ಇಪ್ಪತ್ತು ಸಲ ದಾಟಿದಾಗ ಮೊಣಕೈ ಮಟ್ಟಸವಾಗಿ ಕಂದು ಕಲೆಯಷ್ಟೇ ಉಳಿದಿತ್ತು. ರೋಗ ಮರುಕಳಿಸಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಕೊಯ್ಲಿನ ಗಡಿಬಿಡಿಯಲ್ಲಿ ಎರಡು ವಾರ ತಪ್ಪಿಸಿ ಬಂದಾಗ ನರ್ಸ್ ಸೆಕೆಂಡುಗಳನ್ನು ಮತ್ತೆ ಕೆಳಗಿಳಿಸಿದರು. ಭಾವ ಚಕಾರವೆತ್ತದೆ ಕನ್ನಡಕ ತೊಟ್ಟುಕೊಂಡರು.