900 ವೋಲ್ಟಿನ ಟ್ರಾನ್ಸಿಸ್ಟರ್ ಅಸಲಿಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿಗೆ ಬೇಕಾದ ಹೈವೋಲ್ಟೇಜ್ ಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟಬೇಕೆಂದಿದ್ದೇನೆ. ಆರಿಸಿಕೊಂಡ ವಿನ್ಯಾಸದಲ್ಲಿ ಹಳೆಯ ಜಪಾನಿ ಟ್ರಾನ್ಸಿಸ್ಟರುಗಳಿವೆ. ಆನ್‌ಲೈನ್ ಮಾರಾಟಗಾರರ ಬಳಿ ಹತ್ತರ ಪ್ಯಾಕೆಟ್ಟು ಬಹಳ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ? ಅಸಲಿಯೋ ನಕಲಿಯೋ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ?

ಆ ಪ್ಯಾಕೆಟ್ಟು ಬೇಡ. ಈಗಾಗಲೇ ತರಿಸಿಬಿಟ್ಟಿದ್ದರೆ, ಒಂದೊಂದಕ್ಕೂ ಹೈವೋಲ್ಟೇಜ್ ಕೊಟ್ಟು ಪರೀಕ್ಷಿಸುವ ತನಕ ಬೋರ್ಡಿಗೆ ಬೆಸುಗೆ ಹಾಕಬೇಡಿ. ಪರೀಕ್ಷೆಯ ವಿಧಾನವನ್ನು ವಿವರವಾಗಿ ಹೇಳುತ್ತೇನೆ. ಆದರೆ ಈ ಯಂತ್ರದಲ್ಲಿ ನಕಲಿ ಭಾಗ ಏಕೆ ಅಷ್ಟು ಕೆಟ್ಟದ್ದು ಎಂಬುದು ಮೊದಲು ಸ್ಪಷ್ಟವಾಗಲಿ.

ಜಪಾನಿನ ಸ್ಟ್ಯಾಕ್ಸ್ ಸಂಸ್ಥೆ 1960ರಲ್ಲಿ ಎಸ್‌ಆರ್-1 ಎಂಬ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದಿತು. ಮೂಲ ತತ್ತ್ವ ಇಂದಿಗೂ ಬದಲಾಗಿಲ್ಲ. ಒಂದೆರಡು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆ, ಅದರ ಎರಡು ಬದಿಗೂ ಅರ್ಧ ಮಿಲಿಮೀಟರ್‌ನಷ್ಟು ಅಂತರದಲ್ಲಿ ತೂತುಗಳುಳ್ಳ ಲೋಹದ ಫಲಕಗಳು. ಪೊರೆಗೆ ಸ್ಥಿರವಾದ ಬಯಾಸ್ ವೋಲ್ಟೇಜ್ ಇರುತ್ತದೆ; ಸ್ಟ್ಯಾಕ್ಸ್‌ನ ಹಳೆಯ ಮಾದರಿಗಳಲ್ಲಿ ಅದು 230 ವೋಲ್ಟ್, ಪ್ರೊ ಮಾದರಿಗಳಲ್ಲಿ 580 ವೋಲ್ಟ್. ಆಂಪ್ಲಿಫೈಯರ್ ಎರಡು ಫಲಕಗಳಿಗೂ ಪರಸ್ಪರ ವಿರುದ್ಧವಾದ ಸಿಗ್ನಲ್ ಕೊಡುತ್ತದೆ, ಪೊರೆ ಅತ್ತಿತ್ತ ಓಲಾಡುತ್ತದೆ. ಸುರುಳಿಯೂ ಇಲ್ಲ, ಅಯಸ್ಕಾಂತವೂ ಇಲ್ಲ. ಪೊರೆ ಅಷ್ಟು ಹಗುರವಾಗಿರುವುದರಿಂದಲೇ ವೀಣೆಯ ಮೀಟಿನ ಮೊದಲ ಕ್ಷಣ ಅಷ್ಟು ಸ್ವಚ್ಛವಾಗಿ ಕೇಳುತ್ತದೆ. ಒಮ್ಮೆ ಕೇಳಿದವರು ಇಷ್ಟೆಲ್ಲ ಕಷ್ಟಪಟ್ಟು ಆಂಪ್ಲಿಫೈಯರ್ ಕಟ್ಟಲು ಹೊರಡುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಈ ಹೆಡ್‌ಫೋನ್ ಬೇಡುವುದು ವೋಲ್ಟೇಜನ್ನು. ಕರೆಂಟು ತೀರಾ ಕಡಿಮೆ ಸಾಕು. 100 ವೋಲ್ಟ್ ಕೊಟ್ಟರೆ ಸುಮಾರು 100 ಡೆಸಿಬೆಲ್ ಸದ್ದು. ಆಂಪ್ಲಿಫೈಯರಿನ ಕಣ್ಣಿಗೆ ಅದು ಸುಮಾರು 110 ಪಿಕೋಫ್ಯಾರಡ್‌ನ ಕೆಪಾಸಿಟರ್ ಅಷ್ಟೇ. 400 ವೋಲ್ಟ್ ಶಿಖರವಿರುವ 20 ಕಿಲೋಹರ್ಟ್ಸ್ ಅಲೆಯನ್ನು ಅದಕ್ಕೆ ಕೊಡಬೇಕೆಂದರೆ ಪ್ರತಿ ಮೈಕ್ರೋಸೆಕೆಂಡಿಗೆ 50 ವೋಲ್ಟ್ ವೇಗದಲ್ಲಿ ಏರಿಳಿಯಬೇಕು. ಆಗಲೂ ಹರಿಯುವುದು 5.5 ಮಿಲಿಆಂಪಿಯರ್ ಮಾತ್ರ. ಅಮೆರಿಕದ ಕೆವಿನ್ ಗಿಲ್ಮೋರ್ ವಿನ್ಯಾಸಗೊಳಿಸಿದ, ಜಗತ್ತಿನಾದ್ಯಂತ ಹವ್ಯಾಸಿಗಳು ಕಟ್ಟುವ ಕೆಜಿಎಸ್‌ಎಸ್‌ಎಚ್‌ವಿ ಆಂಪ್ಲಿಫೈಯರಿಗೆ ಧನ 450 ಮತ್ತು ಋಣ 450 ವೋಲ್ಟಿನಂಥ ಸಪ್ಲೈ ಬೇಕು. ಎರಡರ ನಡುವೆ 900 ವೋಲ್ಟ್.

ಸಾಮಾನ್ಯ ಆಂಪ್ಲಿಫೈಯರಿನಲ್ಲಿ ನಕಲಿ ಟ್ರಾನ್ಸಿಸ್ಟರ್ ಇದ್ದರೆ ಸದ್ದು ಕೆಡಬಹುದು, ಫ್ಯೂಸ್ ಹೋಗಬಹುದು. ಇಲ್ಲಿ 300 ವೋಲ್ಟ್ ತಡೆಯುವ ಭಾಗದ ಮೇಲೆ 900 ಎಂದು ಅಚ್ಚು ಹಾಕಿದ್ದರೆ ಅದು ಸ್ವಿಚ್ ಹಾಕಿದ ಕ್ಷಣವೇ ಮುರಿದು ಶಾರ್ಟ್ ಆಗುತ್ತದೆ, ತನ್ನ ಜೊತೆಗಿದ್ದವನ್ನೂ ಸುಡುತ್ತದೆ. ಆಗ ಸಪ್ಲೈನ ಪೂರ್ತಿ ವೋಲ್ಟೇಜು ಹೆಡ್‌ಫೋನಿನ ಫಲಕಕ್ಕೆ ಬರಬಹುದು, ಮತ್ತು ಆ ಫಲಕ ಇರುವುದು ಕೇಳುಗನ ಕಿವಿಯ ಪಕ್ಕದಲ್ಲಿ. ಒಂದು ಟ್ರಾನ್ಸಿಸ್ಟರಿನಲ್ಲಿ ಉಳಿಸಿದ ಹಣಕ್ಕೆ ಈ ಬೆಲೆ ತೆರಲು ಯಾರಿಗೂ ನಾನು ಹೇಳಲಾರೆ.

ಅಸಲಿ ಭಾಗಗಳು ಮಾಯವಾದದ್ದಕ್ಕೆ ಕಾರಣವಿದೆ. ತೀರಾ ಹೆಚ್ಚು ವೋಲ್ಟೇಜ್ ತಡೆದು, ಕಡಿಮೆ ಕರೆಂಟಿನಲ್ಲಿ ವೇಗವಾಗಿ ಕೆಲಸ ಮಾಡುವ ಪುಟ್ಟ ಟ್ರಾನ್ಸಿಸ್ಟರುಗಳಿಗೆ ದೊಡ್ಡ ಗಿರಾಕಿ ಎಂದರೆ ಪಿಕ್ಚರ್ ಟ್ಯೂಬಿನ ಟಿವಿ ಮತ್ತು ಮಾನಿಟರುಗಳು. ಚಪ್ಪಟೆ ಪರದೆ ಬಂದ ಮೇಲೆ ಆ ಬೇಡಿಕೆ ಕುಸಿಯಿತು, ಒಂದೊಂದಾಗಿ ತಯಾರಿಕೆ ನಿಂತಿತು. ಸ್ಯಾನ್ಯೋದ 2ಎಸ್‌ಎ1968 ಅದಕ್ಕೆ ಒಳ್ಳೆಯ ನಿದರ್ಶನ: 900 ವೋಲ್ಟ್, 10 ಮಿಲಿಆಂಪಿಯರ್‌ನ ಪಿಎನ್‌ಪಿ. (ಪಿಎನ್‌ಪಿ, ಎನ್‌ಪಿಎನ್ ಎಂಬುವು ಕರೆಂಟು ಪರಸ್ಪರ ವಿರುದ್ಧ ದಿಕ್ಕಿಗೆ ಹರಿಯುವ ಎರಡು ಬಗೆಯ ಟ್ರಾನ್ಸಿಸ್ಟರುಗಳು.) ಇಷ್ಟು ವೋಲ್ಟೇಜಿನ ಪಿಎನ್‌ಪಿ ಮೊದಲೇ ಅಪರೂಪ. ಅದರ ಜೊತೆಗಾರನಾಗಿ ಬರುವ ತೋಷಿಬಾದ 2ಎಸ್‌ಸಿ4686ಎ 1200 ವೋಲ್ಟಿನ ಎನ್‌ಪಿಎನ್. ಹವ್ಯಾಸಿಗಳ ಬೇಡಿಕೆ ಮಾತ್ರ ನಿಲ್ಲಲಿಲ್ಲ. ತಯಾರಿಕೆ ನಿಂತು ಬೇಡಿಕೆ ಉಳಿದ ಜಾಗದಲ್ಲೇ ನಕಲಿಯ ವ್ಯಾಪಾರ ನಡೆಯುತ್ತದೆ.

ನಕಲಿ ಎಂದರೆ ಬಹಳ ಸಲ ಅದೂ ಟ್ರಾನ್ಸಿಸ್ಟರೇ, ಆದರೆ ಬೇರೆಯದು. ಅಗ್ಗದ ಭಾಗವೊಂದರ ಅಕ್ಷರಗಳನ್ನು ಉಜ್ಜಿ ತೆಗೆದು, ಕಪ್ಪು ಲೇಪ ಬಳಿದು, ಲೇಸರಿನಲ್ಲಿ ಹೊಸ ಹೆಸರು ಕೊರೆಯುತ್ತಾರೆ. ಅಸಿಟೋನ್ ಅದ್ದಿದ ಹತ್ತಿಯಿಂದ ಬಲವಾಗಿ ಒರೆಸಿದಾಗ ಲೇಪ ಕರಗಿ ಹತ್ತಿ ಕಪ್ಪಾದರೆ ಅಲ್ಲಿಗೆ ಮುಗಿಯಿತು. ಇತಿಹಾಸವೂ ಸಹಾಯಕ್ಕೆ ಬರುತ್ತದೆ. ಸ್ಯಾನ್ಯೋದ ಸೆಮಿಕಂಡಕ್ಟರ್ ವಿಭಾಗ 2011ರಲ್ಲಿ ಆನ್ ಸೆಮಿಕಂಡಕ್ಟರ್ ಪಾಲಾಯಿತು. ಅದಾಗಿ ಎಷ್ಟೋ ವರ್ಷಗಳ ನಂತರದ ತಾರೀಖಿನ ಸಂಕೇತ ಹೊತ್ತ ‘ಹೊಚ್ಚ ಹೊಸ ಸ್ಯಾನ್ಯೋ’ ಭಾಗವನ್ನು ನಂಬುವಂತಿಲ್ಲ. ಜಪಾನಿ ಟ್ರಾನ್ಸಿಸ್ಟರುಗಳ ಮೈಮೇಲೆ ಸಾಮಾನ್ಯವಾಗಿ ಆರಂಭದ ‘2ಎಸ್’ ಅಚ್ಚಾಗಿರುವುದಿಲ್ಲ. ಸಿ4686ಎ ಎಂದಷ್ಟೇ ಇರುತ್ತದೆ. ಪೂರ್ತಿ ಹೆಸರು ಅಚ್ಚಾಗಿದ್ದರೆ ಅನುಮಾನಿಸಿ. ಆದರೆ ಇಂಥ ಗುರುತುಗಳಿಂದ ನಕಲಿಯನ್ನು ತಳ್ಳಿಹಾಕಬಹುದೇ ಹೊರತು ಅಸಲಿಯನ್ನು ಸಾಬೀತುಪಡಿಸಲಾಗದು. ಈಗಿನ ಲೇಸರ್ ಅಚ್ಚು ಕಣ್ಣಿಗೆ ಮೋಸ ಮಾಡುವಷ್ಟು ಚೆನ್ನಾಗಿರುತ್ತದೆ.

ಸಾಬೀತಿಗೆ ವೋಲ್ಟೇಜೇ ಬೇಕು. ಎಲೆಕ್ಟ್ರಿಷಿಯನ್ನರು ವೈರಿಂಗಿನ ಇನ್ಸುಲೇಷನ್ ನೋಡಲು ಬಳಸುವ ಮೆಗ್ಗರ್ 1000 ವೋಲ್ಟ್ ಕೊಡುತ್ತದೆ, ಕರೆಂಟನ್ನು ಒಂದೆರಡು ಮಿಲಿಆಂಪಿಯರಿಗೆ ಸೀಮಿತಗೊಳಿಸುತ್ತದೆ. 500 ವೋಲ್ಟ್ ಮಾತ್ರ ಕೊಡುವ ಮೆಗ್ಗರ್ ಈ ಕೆಲಸಕ್ಕೆ ಸಾಲದು. ಅದರ ಧನ ತುದಿಯಿಂದ 10 ಮೆಗಾಓಮ್ ರೆಸಿಸ್ಟರ್, ನಂತರ ಪರೀಕ್ಷಿಸಬೇಕಾದ ಟ್ರಾನ್ಸಿಸ್ಟರ್, ಕೊನೆಗೆ 100 ಕಿಲೋಓಮ್ ರೆಸಿಸ್ಟರ್ ಜೋಡಿಸಿ ಋಣ ತುದಿಗೆ ಮುಟ್ಟಿಸಿ. 10 ಮೆಗಾಓಮನ್ನು ಒಂದೇ ರೆಸಿಸ್ಟರಿನಿಂದ ಮಾಡದೆ ಅರ್ಧ ವ್ಯಾಟಿನ ಐದು ರೆಸಿಸ್ಟರುಗಳನ್ನು, ಒಂದೊಂದು 2 ಮೆಗಾಓಮಿನವನ್ನು, ಸಾಲಾಗಿ ಹಾಕಿ. ಟ್ರಾನ್ಸಿಸ್ಟರಿನ ಮೂರು ಕಾಲುಗಳು ಕಲೆಕ್ಟರ್, ಎಮಿಟರ್ ಮತ್ತು ಬೇಸ್. ಎನ್‌ಪಿಎನ್ ಆದರೆ ಕಲೆಕ್ಟರ್ ಧನದ ಕಡೆಗೆ, ಪಿಎನ್‌ಪಿ ಆದರೆ ಎಮಿಟರ್ ಧನದ ಕಡೆಗೆ. ಬೇಸ್ ಯಾವುದಕ್ಕೂ ಜೋಡಿಸದೆ ಬಿಡಿ. ಎಲ್ಲವನ್ನೂ ಕ್ಲಿಪ್ಪಿನಲ್ಲಿ ಕಚ್ಚಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟ ಮೇಲೆಯೇ ಗುಂಡಿ ಒತ್ತಿ.

ಮಲ್ಟಿಮೀಟರನ್ನು 100 ಕಿಲೋಓಮ್ ರೆಸಿಸ್ಟರಿನ ಎರಡು ತುದಿಗೆ ಮಾತ್ರ ಹಾಕಬೇಕು. ಮೊದಲು ಟ್ರಾನ್ಸಿಸ್ಟರ್ ಇಲ್ಲದೆ, ಆ ಜಾಗವನ್ನು ತಂತಿಯಿಂದ ನೇರವಾಗಿ ಜೋಡಿಸಿ ನೋಡಿ: ಸುಮಾರು 9.9 ವೋಲ್ಟ್ ತೋರಿಸಬೇಕು. ಮೀಟರಿನ ಪ್ರತಿ ಒಂದು ವೋಲ್ಟಿಗೂ ರೆಸಿಸ್ಟರ್ ಸಾಲಿನಲ್ಲಿ 101 ವೋಲ್ಟ್ ಇಳಿದಿದೆ ಎಂದು ಅರ್ಥ. ಈಗ ಟ್ರಾನ್ಸಿಸ್ಟರ್ ಹಾಕಿ. ಮೀಟರ್ ಒಂದು ವೋಲ್ಟಿಗಿಂತ ಕಡಿಮೆ ತೋರಿಸಿದರೆ ಆ ಭಾಗ 900 ವೋಲ್ಟ್ ತಡೆದುಕೊಂಡಿದೆ. 6 ವೋಲ್ಟ್ ತೋರಿಸಿದರೆ 606 ವೋಲ್ಟ್ ರೆಸಿಸ್ಟರುಗಳಲ್ಲೇ ಇಳಿದು, ಟ್ರಾನ್ಸಿಸ್ಟರ್ ಬರೀ 394 ವೋಲ್ಟಿಗೆ ಕೈಚೆಲ್ಲಿದೆ. ಮೈಮೇಲೆ ಏನೇ ಬರೆದಿರಲಿ, ಅದು 300 ವೋಲ್ಟ್ ವರ್ಗದ ಭಾಗ. ಹರಿಯುವ ಕರೆಂಟು 100 ಮೈಕ್ರೋಆಂಪಿಯರ್ ದಾಟದ ಕಾರಣ ಅಸಲಿ ಭಾಗಕ್ಕೆ ಈ ಪರೀಕ್ಷೆಯಿಂದ ಹಾನಿಯಿಲ್ಲ. ಪ್ಯಾಕೆಟ್ಟಿನಲ್ಲಿ ಒಂದನ್ನು ನೋಡಿ ಉಳಿದವನ್ನು ನಂಬಬೇಡಿ, ಬೆರಕೆ ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲು.

ಆಂಪ್ಲಿಫೈಯರಿನ ಇನ್‌ಪುಟ್‌ನಲ್ಲಿ ಬರುವ 2ಎಸ್‌ಕೆ170 ಜೆಫೆಟ್ (ಗೇಟ್, ಸೋರ್ಸ್, ಡ್ರೇನ್ ಎಂಬ ಕಾಲುಗಳಿರುವ ಇನ್ನೊಂದು ಜಾತಿಯ ಟ್ರಾನ್ಸಿಸ್ಟರ್) ಇನ್ನೊಂದು ಬಗೆಯ ಬಲಿ. ಅದಕ್ಕೆ 9 ವೋಲ್ಟಿನ ಬ್ಯಾಟರಿ ಸಾಕು. ಗೇಟ್ ಮತ್ತು ಸೋರ್ಸನ್ನು ಒಟ್ಟಿಗೆ ಋಣಕ್ಕೆ, ಡ್ರೇನನ್ನು ಮಿಲಿಆಂಪಿಯರ್ ಮೀಟರಿನ ಮೂಲಕ ಧನಕ್ಕೆ ಜೋಡಿಸಿ. ಜಿಆರ್ ದರ್ಜೆಯದು 2.6ರಿಂದ 6.5, ಬಿಎಲ್ ದರ್ಜೆಯದು 6ರಿಂದ 12 ಮಿಲಿಆಂಪಿಯರ್ ತೋರಿಸಬೇಕು. ಅಷ್ಟಕ್ಕೇ ನಿಲ್ಲಿಸಬೇಡಿ, ಬೇರೆ ಅಗ್ಗದ ಜೆಫೆಟ್‌ಗಳೂ ಈ ವ್ಯಾಪ್ತಿಗೆ ಬರುತ್ತವೆ. ಸೋರ್ಸಿನ ಕಾಲಿಗೆ 100 ಓಮ್ ಸೇರಿಸಿ ಮತ್ತೆ ಅಳೆಯಿರಿ. ಅಸಲಿ ಬಿಎಲ್ ಭಾಗದ ಕರೆಂಟು ಮೂರನೆಯ ಒಂದಕ್ಕೋ ಅದಕ್ಕೂ ಕೆಳಕ್ಕೋ ಕುಸಿಯುತ್ತದೆ, ಏಕೆಂದರೆ ಅದರ ಟ್ರಾನ್ಸ್‌ಕಂಡಕ್ಟೆನ್ಸ್, ಅಂದರೆ ಗೇಟಿನ ವೋಲ್ಟೇಜ್ ಬದಲಾದಾಗ ಕರೆಂಟು ಬದಲಾಗುವ ಪ್ರಮಾಣ, ಅಷ್ಟು ಹೆಚ್ಚು. ಅರ್ಧಕ್ಕಿಂತ ಮೇಲೆಯೇ ನಿಂತರೆ ಅದು ಬೇರೆ ಯಾವುದೋ ಜೆಫೆಟ್.

ಇಷ್ಟು ಹೇಳಿದ ಮೇಲೂ ನನ್ನ ನಿಜವಾದ ಸಲಹೆ ಬೇರೆಯೇ ಇದೆ. ವಿನ್ಯಾಸ ಆರಿಸಿಕೊಂಡು ಆಮೇಲೆ ಭಾಗ ಹುಡುಕಲು ಹೊರಡಬೇಡಿ. ಇಂದು ತಯಾರಾಗುತ್ತಿರುವ, ಅಧಿಕೃತ ವಿತರಕರ ಬಳಿ ಸಿಗುವ ಭಾಗಗಳ ಪಟ್ಟಿ ಮೊದಲು ಮಾಡಿ, ಅವುಗಳಿಂದ ಕಟ್ಟಬಹುದಾದ ವಿನ್ಯಾಸ ಆರಿಸಿ. ಹಳೆಯ ವಿನ್ಯಾಸಗಳಿಗೂ ಹೊಸ ರೂಪಗಳು ಬಂದಿವೆ. ಕೆಜಿಎಸ್‌ಎಸ್‌ಎಚ್‌ವಿಯ ‘ಕಾರ್ಬನ್’ ರೂಪದ ಔಟ್‌ಪುಟ್‌ನಲ್ಲಿ 1700 ವೋಲ್ಟಿನ ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್ (ಮತ್ತೊಂದು ಜಾತಿಯ ಟ್ರಾನ್ಸಿಸ್ಟರ್) ಇದೆ. 2ಎಸ್‌ಕೆ170ರ ಜಾಗಕ್ಕೆ ಲೀನಿಯರ್ ಸಿಸ್ಟಮ್ಸ್ ಸಂಸ್ಥೆಯ ಎಲ್‌ಎಸ್‌ಕೆ170, ಜೋಡಿ ಜೆಫೆಟ್ ಆದ 2ಎಸ್‌ಕೆ389ರ ಜಾಗಕ್ಕೆ ಎಲ್‌ಎಸ್‌ಕೆ389 ಇವೆ. ಆದರೆ ಟ್ರಾನ್ಸಿಸ್ಟರ್ ಕಿತ್ತು ಅದೇ ತೂತಿಗೆ ಮಾಸ್ಫೆಟ್ ಇಳಿಸುವುದು ಸಲ್ಲದು. ಬಯಾಸ್ ಬೇರೆ, ಇನ್‌ಪುಟ್ ಕೆಪಾಸಿಟೆನ್ಸ್ ಬೇರೆ. ಆ ಭಾಗಕ್ಕೆಂದೇ ಬರೆದ ಬೋರ್ಡು ಬೇಕು.

ಸೆಮಿಕಂಡಕ್ಟರ್ ಮತ್ತು ಹೈವೋಲ್ಟೇಜ್ ಕೆಪಾಸಿಟರುಗಳನ್ನು ಮೌಸರ್, ಡಿಜಿಕೀ, ಎಲಿಮೆಂಟ್14ನಂಥ ಅಧಿಕೃತ ವಿತರಕರಿಂದಲೇ ತರಿಸಿ. ಬೆಲೆ ಹೆಚ್ಚು, ನಿಜ. ಅದೇ ಭಾಗ ಬೇರೆಡೆ ಅದರ ಐದನೆಯ ಒಂದು ಬೆಲೆಗೆ ಸಿಕ್ಕರೆ ಕಾರಣವನ್ನು ಊಹಿಸಬಹುದು. ಹಾಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಲೇಬೇಡಿ ಎನ್ನುವುದಿಲ್ಲ. ಡಬ್ಬಿ, ಹೀಟ್‌ಸಿಂಕ್, ತಂತಿ, ಸ್ಕ್ರೂ, ಸ್ವಿಚ್, ಫ್ಯೂಸ್ ಹೋಲ್ಡರುಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಟ್ರಾನ್ಸ್‌ಫಾರ್ಮರನ್ನಂತೂ ಊರಿನಲ್ಲೇ ಸುತ್ತಿಸಿ: ನಮ್ಮ 230 ವೋಲ್ಟ್, 50 ಹರ್ಟ್ಸ್‌ಗೆ ಸರಿಹೊಂದುವಂತೆ, ಪ್ರೈಮರಿ ಮತ್ತು ಸೆಕೆಂಡರಿ ನಡುವೆ ಶೀಲ್ಡ್ ಹಾಕಿಸಿ, ಇನ್ಸುಲೇಷನ್ ಪರೀಕ್ಷೆ ಮಾಡಿಕೊಡುವವರ ಬಳಿ. ಜಪಾನಿನಿಂದ ಬಂದ ಹಳೆಯ ಯಂತ್ರದ ಟ್ರಾನ್ಸ್‌ಫಾರ್ಮರ್ 100 ವೋಲ್ಟಿನದು, ಅದನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಹಾಕುವಂತಿಲ್ಲ.

ಅಸಲಿ ಭಾಗವನ್ನೇ ತಪ್ಪಾಗಿ ಬಳಸುವುದೂ ಇದೆ. ರೆಸಿಸ್ಟರಿಗೆ ವ್ಯಾಟ್ ಮಾತ್ರವಲ್ಲ, ವೋಲ್ಟೇಜ್ ಮಿತಿಯೂ ಇದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಸಾಮಾನ್ಯ ಕಾಲು ವ್ಯಾಟಿನ ಮೆಟಲ್ ಫಿಲ್ಮ್ ರೆಸಿಸ್ಟರಿನ ಮಿತಿ 250 ವೋಲ್ಟಿನ ಆಸುಪಾಸು. ಅದಕ್ಕೆ 450 ಕೊಟ್ಟರೆ ವ್ಯಾಟ್ ಲೆಕ್ಕ ಸರಿಯಿದ್ದರೂ ಕಾಲಕ್ರಮದಲ್ಲಿ ಅದರ ಓಮ್ ಮೌಲ್ಯ ಬದಲಾಗುತ್ತದೆ ಅಥವಾ ಒಳಗೆ ಸಂಪರ್ಕವೇ ಕಡಿದುಹೋಗುತ್ತದೆ. ಟ್ರಾನ್ಸಿಸ್ಟರಿನ ಬೆನ್ನಿನ ಲೋಹದಲ್ಲೂ ಬಹಳ ಸಲ ಕಲೆಕ್ಟರಿನ ಪೂರ್ತಿ ವೋಲ್ಟೇಜ್ ಇರುತ್ತದೆ. ಹೀಟ್‌ಸಿಂಕಿನ ನಡುವೆ ದಪ್ಪ ಅಲ್ಯೂಮಿನಾ ಪಿಂಗಾಣಿ ಬಿಲ್ಲೆಯೇ ಬೇಕು.

ಈಗ ಜೀವದ ಮಾತು. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಇದೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ ಎಂದು ಧೈರ್ಯದಿಂದಿರಬೇಡಿ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಸೆಕೆಂಡರಿಯ ಎರಡು ಬಿಂದುಗಳ ನಡುವೆ ನೀವು ಸಿಕ್ಕಿಕೊಂಡರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಬಯಾಸ್ 580 ವೋಲ್ಟ್ ಇದ್ದರೂ 4.7 ಮೆಗಾಓಮ್ ರೆಸಿಸ್ಟರಿನ ಮೂಲಕ ಬರುವುದರಿಂದ 0.12 ಮಿಲಿಆಂಪಿಯರ್ ಮೀರದು; ನಿಜವಾದ ಕೊಲೆಗಾರ ಸಪ್ಲೈನ ಕೆಪಾಸಿಟರುಗಳು. 450 ವೋಲ್ಟಿಗೆ ತುಂಬಿದ ಒಂದು 220 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ 22 ಜೂಲ್ ಶಕ್ತಿ ಇರುತ್ತದೆ. ಅದರ ಮೇಲೆ 100 ಕಿಲೋಓಮ್, 5 ವ್ಯಾಟಿನ ಬ್ಲೀಡರ್ (ಕೆಪಾಸಿಟರನ್ನು ಬರಿದುಮಾಡುವ ರೆಸಿಸ್ಟರ್) ಶಾಶ್ವತವಾಗಿ ಹಾಕಿದರೂ ಪ್ಲಗ್ ಕಿತ್ತ ಮೇಲೆ ಪೂರ್ತಿ ಬರಿದಾಗಲು ಹತ್ತಿರಹತ್ತಿರ ಎರಡು ನಿಮಿಷ ಬೇಕು. ಕಾಯಿರಿ, 10 ಕಿಲೋಓಮ್, 10 ವ್ಯಾಟಿನ ರೆಸಿಸ್ಟರಿಗೆ ಇನ್ಸುಲೇಟೆಡ್ ಹಿಡಿ ಕಟ್ಟಿ ಪ್ರತಿ ಕೆಪಾಸಿಟರಿಗೂ ಮುಟ್ಟಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ಕೆಲಸ ಮಾಡುವಾಗ ಮನೆಯಲ್ಲಿ ಇನ್ನೊಬ್ಬರು ಇರಲಿ. ಡಬ್ಬಿಗೆ ಅರ್ತ್ ಕಡ್ಡಾಯ. 1000 ವೋಲ್ಟ್ ಎಂದು ಬರೆದ ಅಗ್ಗದ ಮಲ್ಟಿಮೀಟರನ್ನೂ ಅದರ ತಂತಿಗಳನ್ನೂ ಮೇಲಿನ ಟ್ರಾನ್ಸಿಸ್ಟರಿನಷ್ಟೇ ಅನುಮಾನದಿಂದ ನೋಡಿ.

ಮೊದಲ ಸಲ ಕರೆಂಟು ಕೊಡುವಾಗ ಪ್ಲಗ್ಗಿನಿಂದ ಬರುವ ತಂತಿಗೆ ಸಾಲಾಗಿ 60 ವ್ಯಾಟಿನ ಹಳೆಯ ತಂತಿಬಲ್ಬು ಹಾಕಿ. ಕ್ಷಣ ಮಿನುಗಿ ಮಂದವಾದರೆ ಸರಿ; ಪ್ರಜ್ವಲಿಸುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಮೊದಲು ಸಪ್ಲೈ ಬೋರ್ಡನ್ನು ಮಾತ್ರ ಪರೀಕ್ಷಿಸಿ, ಆಮೇಲೆ ಒಂದು ಚಾನೆಲ್, ಆಮೇಲೆ ಇನ್ನೊಂದು. ಬಲ್ಬು ತೆಗೆದು ಯಂತ್ರ ಅರ್ಧ ಗಂಟೆ ಬಿಸಿಯಾದ ಮೇಲೆ ಪ್ರತಿ ಔಟ್‌ಪುಟ್ ಮತ್ತು ಅರ್ತ್ ನಡುವೆ, ಹಾಗೆಯೇ ಎರಡು ಔಟ್‌ಪುಟ್‌ಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. ಟ್ರಿಮ್ಮರ್ ತಿರುಗಿಸಿ ಅದನ್ನು ಕೆಲವೇ ವೋಲ್ಟಿಗೆ ಇಳಿಸಿ, ಡಬ್ಬಿಯ ಮುಚ್ಚಳ ಹಾಕಿ, ಇನ್ನೊಂದು ಗಂಟೆ ಬಿಟ್ಟು ಮತ್ತೆ ನೋಡಿ. ಅಲ್ಲಿಯೇ ನಿಂತಿದ್ದರೆ ಹೆಡ್‌ಫೋನನ್ನು ಸಾಕೆಟ್ಟಿಗೆ ಹಾಕಬಹುದು. ಮೊದಲ ಕೆಲವು ನಿಮಿಷ ಅದನ್ನು ತಲೆಗೆ ಏರಿಸದೆ, ಮೇಜಿನ ಮೇಲಿಟ್ಟು ಸಣ್ಣ ಸದ್ದಿನಲ್ಲಿ ನುಡಿಸಿ.