ಕಡಲ ದಂಡೆಯ ವಿಸ್ಕಿ ಡಿಸ್ಟಿಲರಿ: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಹೊಸ ಡಿಸ್ಟಿಲರಿಯ ನಕ್ಷೆ ಹಾಕಿ ಅಂದರೆ ನಾವೆಲ್ಲ ಮೊದಲು ಬರೆಯುವುದು ತಾಮ್ರದ ಸ್ಟಿಲ್, ಅಂದರೆ ಬಟ್ಟಿ ಇಳಿಸುವ ಹಂಡೆ. ನಾನೂ ಹಾಗೇ ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಎಷ್ಟು ತಯಾರಾಗುತ್ತದೆ ಅನ್ನುವುದನ್ನು ಸ್ಟಿಲ್ ಒಂದೇ ನಿರ್ಧರಿಸುವುದಿಲ್ಲ. ಹುದುಗುವುದಕ್ಕೆ ಹಿಡಿಯುವ ಸಮಯವೂ ನಿರ್ಧರಿಸುತ್ತದೆ.

ಉದಾಹರಣೆಗೆ ಸ್ಕಾಟ್ಲೆಂಡಿನ ಐಲಾ ದ್ವೀಪದ ಡಿಸ್ಟಿಲರಿ ಆರ್ಡ್‌ನಹೋ ನೋಡಿ. (ಇಂಗ್ಲಿಷ್ ಸ್ಪೆಲಿಂಗಿನಲ್ಲಿ 'ಎಸ್' ಇದೆ, ಆದರೆ ಊರಿನವರು ಐಲಾ ಅಂತಲೇ ಹೇಳುವುದು.) 2019ರಲ್ಲಿ ಬಾಗಿಲು ತೆರೆಯಿತು. ಮೊದಲ ಬಟ್ಟಿಗೆ ಬಳಸುವ ಅದರ ವಾಷ್ ಸ್ಟಿಲ್ ಸುಮಾರು 13,000 ಲೀಟರ್, ಎರಡನೇ ಬಟ್ಟಿಯ ಸ್ಪಿರಿಟ್ ಸ್ಟಿಲ್ ಸುಮಾರು 8,500 ಲೀಟರ್. ಈ ಅಳತೆ ಯಾಕೆ?

ಒಂದು ಸಲಕ್ಕೆ 2.5 ಟನ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಅಂತ ಇಟ್ಟುಕೊಳ್ಳಿ. ಕಿಲೋಗೆ ಸುಮಾರು 5 ಲೀಟರ್ ಮಾಲ್ಟಿನ ಸಕ್ಕರೆ ಕರಗಿದ ನೀರು, ಅಂದರೆ 12,500 ಲೀಟರ್. ಹುದುಗಿದ ಮೇಲೆ ಅದರಲ್ಲಿ ಶೇ. 8ರಷ್ಟು, ಹತ್ತಿರ ಹತ್ತಿರ 1,000 ಲೀಟರ್ ಶುದ್ಧ ಆಲ್ಕೋಹಾಲ್. ಇಷ್ಟನ್ನು ಒಂದೇ ಸಲ ಸುರಿದರೆ ವಾಷ್ ಸ್ಟಿಲ್ ಹೆಚ್ಚು ಕಡಿಮೆ ಭರ್ತಿ. ಮೊದಲ ಬಟ್ಟಿಯಲ್ಲಿ ಶೇ. 22ರ ಸುಮಾರು 4,500 ಲೀಟರ್ ಇಳಿಯುತ್ತದೆ. ಹಿಂದಿನ ಸಲದ ಎರಡನೇ ಬಟ್ಟಿಯಲ್ಲಿ ತೆಗೆದಿಟ್ಟ ಮೊದಲ ಮತ್ತು ಕೊನೆಯ ಭಾಗವನ್ನೂ ಇದಕ್ಕೇ ಸೇರಿಸುತ್ತಾರೆ. ಎಲ್ಲ ಕೂಡಿ 8,000 ಆಸುಪಾಸು. ಈಗ 8,500ರ ಅರ್ಥ ಆಯಿತಲ್ವಾ?

ಇನ್ನು ವಾಷ್‌ಬ್ಯಾಕ್, ಅಂದರೆ ಹುದುಗಿಸುವ ತೊಟ್ಟಿ. ತೊಳೆಯುವುದೂ ಸೇರಿ ಒಂದು ಸಲಕ್ಕೆ 72 ಗಂಟೆ ಹಿಡಿಯಿರಿ. ವಾರಕ್ಕೆ 168 ಗಂಟೆ. ನಾಲ್ಕು ತೊಟ್ಟಿ ಇದ್ದರೆ ವಾರಕ್ಕೆ ಒಂಬತ್ತು ಸಲ, ಅಷ್ಟೇ. ಸ್ಟಿಲ್ ಎಷ್ಟೇ ಚುರುಕಾಗಿದ್ದರೂ ಸುಮ್ನೆ ಕೂತಿರಬೇಕು. 48 ವಾರಕ್ಕೆ 4.3 ಲಕ್ಷ ಲೀಟರ್ ಶುದ್ಧ ಆಲ್ಕೋಹಾಲ್. ಆಲ್ಕೋಹಾಲ್ ಶೇ. 63.5ಕ್ಕೆ ಇಳಿಯುವಷ್ಟು ನೀರು ಬೆರೆಸಿ 200 ಲೀಟರಿನ ಪೀಪಾಯಿಗೆ ತುಂಬಿದರೆ ವರ್ಷಕ್ಕೆ 3,400 ಪೀಪಾಯಿ.

ಎದೆ ಧಸಕ್ಕೆನ್ನುವುದು ಇಲ್ಲಿ. ಸ್ಕಾಚ್ ಅನ್ನಬೇಕಾದರೆ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನಲ್ಲೇ ಇರಬೇಕು, ಕಾನೂನು ಹಾಗಿದೆ. ಮೊದಲ ಬಾಟಲಿ ಮಾರುವ ಹೊತ್ತಿಗೆ ಹತ್ತು ಸಾವಿರ ಪೀಪಾಯಿಗೆ ಸೂರು ಬೇಕು. ಅಲ್ಲಿಯವರೆಗೆ ಸಂಬಳ ಎಲ್ಲಿಂದ? ಸ್ಕಾಟ್ಲೆಂಡಿನದೇ ಹ್ಯಾರಿಸ್ ದ್ವೀಪದ ಡಿಸ್ಟಿಲರಿ 2015ರಲ್ಲಿ ಬಾಗಿಲು ತೆರೆದಾಗಿನಿಂದಲೇ, ಮಾಗಿಸಬೇಕಿಲ್ಲದ ಜಿನ್ ಮಾರಿತು. ಅವರ ವಿಸ್ಕಿ ಹೊರಬಂದದ್ದು 2023ರಲ್ಲಿ.

ಸರಿ, ಸಮುದ್ರ ಯಾಕೆ? ಉಪ್ಪುಗಾಳಿ ಪೀಪಾಯಿಗೆ ಇಳಿದು ರುಚಿ ಬರುತ್ತದೆ ಅಂತ ಪ್ರವಾಸಿಗಳಿಗೆ ಹೇಳುವುದುಂಟು. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಐಲಾದ ಕುಲ್ ಈಲಾ ವಿಸ್ಕಿಯಲ್ಲಿ ಬಹುಪಾಲು ಮಾಗುವುದು ದ್ವೀಪದ ಹೊರಗೆ, ಆದರೂ ಕುಡಿದವರು ಕಡಲು ಕಡಲು ಅನ್ನುತ್ತಾರೆ. ಹೊಗೆ ವಾಸನೆ ಬರುವುದು ಬಾರ್ಲಿಯನ್ನು ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ ಉರುವಲು) ಹೊಗೆಯಲ್ಲಿ ಒಣಗಿಸುವುದರಿಂದ. ಹಳೆಯ ಡಿಸ್ಟಿಲರಿಗಳು ದಂಡೆಗೆ ಬಂದದ್ದು ದೋಣಿಗಾಗಿ: ಕಲ್ಲಿದ್ದಲು, ಬಾರ್ಲಿ ಒಳಗೆ, ಪೀಪಾಯಿ ಹೊರಗೆ. ಬಿಳಿ ಗೋಡೆಯ ಮೇಲೆ ಕಡಲ ಕಡೆಗೆ ಆಳೆತ್ತರದ ಕಪ್ಪಕ್ಷರದಲ್ಲಿ ಹೆಸರು ಬರೆದಿರುವುದೂ ದೋಣಿಯವರಿಗೆ ಕಾಣಲಿ ಅಂತಲೇ.

ಇವತ್ತು ನೀರಿನ ಲೆಕ್ಕವೇ ದೊಡ್ಡದು. ಮ್ಯಾಶ್‌ಗೆ (ಮಾಲ್ಟನ್ನು ಬಿಸಿನೀರಿನಲ್ಲಿ ಕಲಸುವುದಕ್ಕೆ) ಬೇಕಾದ್ದಕ್ಕಿಂತ ಆವಿ ತಣಿಸುವುದಕ್ಕೆ ಬಹಳ ಜಾಸ್ತಿ ಬೇಕು. ಆರ್ಡ್‌ನಹೋದಲ್ಲಿ ಸುರುಳಿ ತಾಮ್ರದ ಕೊಳವೆಯನ್ನು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದಾರೆ. ಇದು ಹಳೇ ಪದ್ಧತಿ. ಆವಿಗೆ ತಾಮ್ರ ಕಡಿಮೆ ತಾಗುವುದರಿಂದ ಸ್ಪಿರಿಟ್ ಗಡುಸಾಗುತ್ತದೆ. ಅದನ್ನು ಸರಿದೂಗಿಸಲು ಸ್ಟಿಲ್ಲಿನಿಂದ ಹೊರಡುವ ಕೊಳವೆಯನ್ನು 7.5 ಮೀಟರ್ ಉದ್ದ ಮಾಡಿದ್ದಾರೆ. ಇಂಥ ಹೊಂದಾಣಿಕೆಯೇ ವಿನ್ಯಾಸ ಅಂತ ನನಗನಿಸುತ್ತದೆ.

ಈಗ ಅದೇ ನಕ್ಷೆಯನ್ನು ನಮ್ಮ ಕರಾವಳಿಗೆ ತನ್ನಿ. ನೀರೇ ಬೆಚ್ಚಗಿರುತ್ತದೆ, ಆವಿ ತಣಿಸಲು ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ ಬೇಕು. ಗೋದಾಮಿನ ಲೆಕ್ಕವೂ ಬೇರೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2 ಆರಿ ಹೋದರೆ, ಅಷ್ಟೇನೂ ಸೆಕೆಯಿಲ್ಲದ ಬೆಂಗಳೂರಿನ ವಿಸ್ಕಿ ಡಿಸ್ಟಿಲರಿ ಅಮೃತ್‌ನಲ್ಲೇ ಶೇ. 10ರಿಂದ 12 ಹೋಗುತ್ತದೆ. ಮೂರು ವರ್ಷದ ಮೇಲೆ 200 ಲೀಟರಿನ ಪೀಪಾಯಿಯಲ್ಲಿ ಐಲಾದಲ್ಲಿ 188 ಉಳಿದರೆ ಬೆಂಗಳೂರಿನಲ್ಲಿ 141. ಮಂಗಳೂರಿನ ಸೆಕೆಗೆ ಎಷ್ಟು ಹಿಡಿಯಬೇಕು ಅನ್ನುವುದನ್ನು ನಕ್ಷೆಗೆ ಮುಂಚೆಯೇ ಕೂಡಿ ಕಳೆದು ನೋಡಿಕೊಳ್ಳಿ.